ಕಾದಂಬರಿಯ ರಾಣಿಗೆ ಅಧಿಕಾರ ಎಲ್ಲಿಂದ ಬರುತ್ತದೆ: ಬರೆಯುವವರಿಗೊಂದು ಮಾರ್ಗದರ್ಶಿ

ಐತಿಹಾಸಿಕ ಕಾದಂಬರಿಯನ್ನೋ ಕಲ್ಪಿತ ರಾಜ್ಯವೊಂದರ ಕಥೆಯನ್ನೋ ಬರೆಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆ ಇದು: "ನನ್ನ ಕಥೆಯಲ್ಲಿ ಹೆಣ್ಣೊಬ್ಬಳು ನಾಡನ್ನು ಆಳುತ್ತಾಳೆ, ಆದರೆ ಓದಿದವರಿಗೆ ನಂಬಿಕೆ ಬರುತ್ತಿಲ್ಲ. ಏನು ಮಾಡಬೇಕು?" ಇಂಥ ಬರಹಗಳಲ್ಲಿ ಕೊರತೆ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ರಾಣಿಯ ಧೈರ್ಯಕ್ಕೆ, ರೂಪಕ್ಕೆ, ಕತ್ತಿವರಸೆಗೆ ಪುಟಗಟ್ಟಲೆ ಜಾಗ ಸಿಕ್ಕಿರುತ್ತದೆ. ಸುಂಕ ವಸೂಲಿ ಮಾಡುವವನು ಆಕೆಯ ಮಾತನ್ನು ಏಕೆ ಕೇಳುತ್ತಾನೆ, ಬೊಕ್ಕಸದ ಬೀಗದ ಕೈ ಯಾರ ಬಳಿ ಇದೆ, ಆಕೆ ತೀರಿಕೊಂಡ ಮರುದಿನ ಯಾರ ಹೆಸರಿನಲ್ಲಿ ಡಂಗುರ ಸಾರುತ್ತಾರೆ ಎಂಬುದಕ್ಕೆ ಒಂದು ಸಾಲೂ ಮೀಸಲಾಗಿರುವುದಿಲ್ಲ. ಓದುಗರ ನಂಬಿಕೆ ನಿಲ್ಲುವುದು ಈ ಎರಡನೆಯ ಬಗೆಯ ಸಂಗತಿಗಳ ಮೇಲೆ. ನಮ್ಮ ನಾಡಿನ ಶಾಸನಗಳಲ್ಲಿ ಮತ್ತು ಹೊರಗಿನ ಕೆಲವು ದಾಖಲೆಗಳಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ಅದನ್ನು ಬಳಸಿಕೊಂಡು ಹಂತ ಹಂತವಾಗಿ ಹೇಗೆ ಮುಂದುವರಿಯಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಬರವಣಿಗೆಗೆ ಮೊದಲು ಮೂರು ಸಂಗತಿಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ರಾಜ್ಯದಲ್ಲಿ ಆಸ್ತಿ ಯಾರಿಂದ ಯಾರಿಗೆ ಇಳಿಯುತ್ತದೆ? ಅರಮನೆಗೆ ಹಣ ಯಾವ ಬೆಳೆಯಿಂದ, ಯಾವ ದಾರಿಯಿಂದ, ಯಾವ ಬಂದರಿನಿಂದ ಬರುತ್ತದೆ? ಪಟ್ಟಾಭಿಷೇಕಕ್ಕೆ ಯಾರ ಒಪ್ಪಿಗೆ ಇಲ್ಲದಿದ್ದರೆ ಕೆಲಸ ಕೆಡುತ್ತದೆ? ಕನ್ನಡ ನಾಡಿನ ಕಾಲವೊಂದನ್ನು ಆರಿಸಿಕೊಂಡಿದ್ದರೆ, ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ನಿಮ್ಮ ಸೀಮೆಯ ಶಾಸನಗಳನ್ನು ಓದದೆ ಮೊದಲ ಅಧ್ಯಾಯಕ್ಕೆ ಕೈ ಹಾಕಬೇಡಿ.

ಹಂತ 1: ಹಕ್ಕು ಬಂದ ದಾರಿಯನ್ನು ನಿರ್ಧರಿಸಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಮುಂದಿನದೆಲ್ಲ ಇದನ್ನೇ ಅವಲಂಬಿಸಿದೆ. ಹಳೆಯ ಸಮಾಜಗಳಲ್ಲಿ ಹೆಣ್ಣಿನ ಕೈಗೆ ಅಧಿಕಾರ ಬಂದ ದಾರಿಗಳು ಹಲವು, ಮತ್ತು ಪ್ರತಿಯೊಂದು ದಾರಿಗೂ ಅದರದೇ ಆದ ಬಲವೂ ಅಪಾಯವೂ ಇವೆ.

ಮೊದಲನೆಯದು ಕುಲದ ಕಟ್ಟಳೆ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಗಂಡಸಿನ ಉತ್ತರಾಧಿಕಾರಿ ಅವನ ಮಗನಲ್ಲ, ಸಹೋದರಿಯ ಮಗ. ಉಳ್ಳಾಲದ ಚೌಟ ಅರಸು ಮನೆತನದ ಅಬ್ಬಕ್ಕನಿಗೂ ಗೇರುಸೊಪ್ಪೆಯ ಚೆನ್ನಭೈರಾದೇವಿಗೂ ಪಟ್ಟ ದೊರೆತ ಹಿನ್ನೆಲೆ ಇದು. ಇಂಥ ವ್ಯವಸ್ಥೆಯಲ್ಲಿ ರಾಣಿಯ ಗಂಡ ರಾಜನಾಗುವುದಿಲ್ಲ. ಅವನಿಗೆ ಅವನದೇ ಮನೆತನ, ಅವನದೇ ಸೀಮೆ ಇರುತ್ತದೆ. ಉಳ್ಳಾಲದ ರಾಣಿಯ ಗಂಡ ನೆರೆಯ ಬಂಗ ಅರಸನಾಗಿದ್ದ. ದಾಂಪತ್ಯ ಮುರಿದಾಗ ಅದು ಎರಡು ಸಂಸ್ಥಾನಗಳ ನಡುವಿನ ಹಗೆಯಾಯಿತು, ಆ ಹಗೆಯಲ್ಲಿ ಪೋರ್ಚುಗೀಸರೂ ಇಕ್ಕೇರಿಯ ವೆಂಕಟಪ್ಪ ನಾಯಕನೂ ಪಕ್ಷ ವಹಿಸಿದರು. ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೆಯ ಕಥಾವಸ್ತು ಸಿಗುವುದು ಕಷ್ಟ.

ಎರಡನೆಯದು ಗಂಡುಸಂತಾನವಿಲ್ಲದ ತಂದೆಯ ಆಯ್ಕೆ. ಓರುಗಲ್ಲಿನ ಕಾಕತೀಯ ಗಣಪತಿದೇವನಿಗೆ ಗಂಡುಮಕ್ಕಳಿರಲಿಲ್ಲ. ಅವನು ಬದುಕಿದ್ದಾಗಲೇ ಮಗಳು ರುದ್ರಮದೇವಿಯನ್ನು ಆಡಳಿತದಲ್ಲಿ ಜೊತೆಗೆ ಸೇರಿಸಿಕೊಂಡ. ಜೊತೆ ಆಳ್ವಿಕೆಯ ಆ ವರ್ಷಗಳನ್ನು ಗಮನಿಸಿ: ತಂದೆ ಕಣ್ಮುಚ್ಚಿದ ದಿನ ಮಗಳು ಅಪರಿಚಿತಳಾಗಿರಲಿಲ್ಲ, ಸಾಮಂತರು ಅವಳ ಆಜ್ಞೆಗಳಿಗೆ ಆಗಲೇ ಒಗ್ಗಿದ್ದರು.

ಮೂರನೆಯದು ವಿಧವೆಯ ದಾರಿ. ಗಂಡ ತೀರಿಕೊಂಡಿದ್ದಾನೆ, ಮಗ ಚಿಕ್ಕವನು; ಅವನು ಬೆಳೆಯುವವರೆಗೆ ತಾಯಿ ಅವನ ಹೆಸರಿನಲ್ಲಿ ಆಳುತ್ತಾಳೆ. ವಾಕಾಟಕ ಎರಡನೆಯ ರುದ್ರಸೇನನ ಪತ್ನಿ ಪ್ರಭಾವತಿಗುಪ್ತೆ ಹೀಗೆ ಕನಿಷ್ಠ 13 ವರ್ಷ ಆಳಿದಳೆಂಬುದು ಅವಳ ಪುಣೆ ತಾಮ್ರಶಾಸನದಿಂದ ತಿಳಿಯುತ್ತದೆ. ಕಾಶ್ಮೀರದ ದಿದ್ದಾ 958ರಲ್ಲಿ ಗಂಡ ಕ್ಷೇಮಗುಪ್ತನ ಮರಣದ ನಂತರ ಮಗನ ಪರವಾಗಿ ಆಡಳಿತ ವಹಿಸಿಕೊಂಡು, ಮುಂದೆ ಸ್ವಂತ ಹೆಸರಿನಲ್ಲೇ 1003ರವರೆಗೆ ಆಳಿದಳು. ಈ ದಾರಿಯ ದೊಡ್ಡ ಅಪಾಯವೆಂದರೆ ಮಗ ಬೆಳೆಯುತ್ತಾನೆ. ಅವನಿಗೆ ಮೀಸೆ ಮೂಡಿದ ದಿನದಿಂದ ಅರಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ.

ನಾಲ್ಕನೆಯ ದಾರಿಯನ್ನು ನಮ್ಮ ಬರಹಗಾರರು ಬಹುತೇಕ ಮರೆತಿದ್ದಾರೆ. ನನ್ನ ದೃಷ್ಟಿಯಲ್ಲಿ ಅದೇ ಅತ್ಯಂತ ಫಲವತ್ತಾದದ್ದು. ಇದು ಹುದ್ದೆಯ ದಾರಿ. 10ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ಮರಣ ಹೊಂದಿದಾಗ ಆ ಹುದ್ದೆಯನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ಕೊಡಲಾಯಿತು. ನಾಳ್ಗಾವುಂಡ ಎಂದರೆ ನಾಡಿನ ಮುಖ್ಯಸ್ಥ; ಎಪ್ಪತ್ತು ಎಂಬುದು ಆ ನಾಡಿನ ಹಳ್ಳಿಗಳ ಸಾಂಪ್ರದಾಯಿಕ ಎಣಿಕೆ. ಅವಳು ರಾಣಿಯಲ್ಲ, ಅಧಿಕಾರಿ. ಕಂದಾಯ, ನ್ಯಾಯ, ಕೆರೆಯ ನೀರು ಇವೆಲ್ಲ ಅವಳ ದಿನಚರಿ ಎಂದು ಊಹಿಸಿಕೊಂಡು ನೋಡಿ, ಸಿಂಹಾಸನವಿಲ್ಲದ ಒಂದು ಗಟ್ಟಿ ಕಾದಂಬರಿ ಕಣ್ಣಮುಂದೆ ನಿಲ್ಲುತ್ತದೆ.

ಎಚ್ಚರಿಕೆ: ಅಳಿಯಸಂತಾನವನ್ನು ಹೆಂಗಸರ ರಾಜ್ಯವೆಂದು ತಿಳಿಯುವುದು ಎಲ್ಲೆಡೆ ಕಾಣುವ ತಪ್ಪು. ಆಸ್ತಿ ಹೆಣ್ಣಿನ ಬಳ್ಳಿಯಲ್ಲಿ ಇಳಿದರೂ ಮನೆಯ ಯಜಮಾನಿಕೆ ಅನೇಕ ಸಲ ಸೋದರಮಾವನ ಕೈಯಲ್ಲಿರುತ್ತಿತ್ತು. ಉಳ್ಳಾಲದ ಪರಂಪರೆಯೂ ಅಬ್ಬಕ್ಕನಿಗೆ ಪಟ್ಟ ಕಟ್ಟಿದವನು ಮಾವ ತಿರುಮಲರಾಯ ಎಂದೇ ಹೇಳುತ್ತದೆ. ಮಾವನನ್ನು ಬಿಟ್ಟು ಇಂಥ ಕಥೆ ಬರೆಯಬೇಡಿ.

ಹಂತ 2: ಮೊದಲ ದಿನಗಳಲ್ಲಿ ಯಾರು ಒಪ್ಪಬೇಕೆಂದು ಪಟ್ಟಿ ಮಾಡಿ

ಹಕ್ಕು ಇದ್ದ ಮಾತ್ರಕ್ಕೆ ಅಧಿಕಾರ ಕೈಗೆ ಬರುವುದಿಲ್ಲ. ಕೆಳದಿಯ ಚೆನ್ನಮ್ಮನ ಸ್ಥಿತಿಯನ್ನು ನೋಡಿ. ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳು ಅವಳು, ಅಂದರೆ ಅರಸು ಮನೆತನದ ಹೆಣ್ಣಲ್ಲ. ಗಂಡ ಸೋಮಶೇಖರ ನಾಯಕ ನರ್ತಕಿಯೊಬ್ಬಳ ಮೋಹಕ್ಕೆ ಸಿಲುಕಿ ರಾಜ್ಯದ ಹೊಣೆ ಮರೆತು ಕೊನೆಗೆ ಕೊಲೆಯಾದ. ಮಕ್ಕಳಿಲ್ಲ, ಗಡಿಯಲ್ಲಿ ಬಿಜಾಪುರದ ಸೈನ್ಯ. 1671ರ ಸುಮಾರಿನ ಈ ಬಿಕ್ಕಟ್ಟಿನಲ್ಲಿ ಅವಳು ರಾಜಧಾನಿ ಬಿದನೂರಿಗೆ ಅಂಟಿಕೊಂಡು ಕೂರಲಿಲ್ಲ. ಬೊಕ್ಕಸವನ್ನು ಜೊತೆಗೆ ಸಾಗಿಸಿಕೊಂಡು ಕಾಡಿನ ನಡುವಿನ ಭುವನಗಿರಿ ದುರ್ಗಕ್ಕೆ, ಅಂದರೆ ಇಂದಿನ ಕವಲೇದುರ್ಗಕ್ಕೆ, ಹೋದಳೆಂದು ಪರಂಪರೆ ಹೇಳುತ್ತದೆ. ಸಂಬಳ ಕೊಡುವ ಕೈ ಎಲ್ಲಿದೆಯೋ ಸೈನಿಕ ಅಲ್ಲಿಗೆ ಬರುತ್ತಾನೆ ಎಂಬುದನ್ನು ಅವಳು ಬಲ್ಲವಳಾಗಿದ್ದಳು. ರಾಜಧಾನಿ ಕೆಲಕಾಲ ಕೈತಪ್ಪಿದರೂ ಬೊಕ್ಕಸ ಉಳಿದಿದ್ದರಿಂದ ರಾಜ್ಯ ಉಳಿಯಿತು.

ನಿಮ್ಮ ಪಟ್ಟಿಯಲ್ಲಿ ದಂಡನಾಯಕ, ಕೋಟೆಯ ಕಾವಲಿನವನು, ಮಠದ ಅಥವಾ ದೇವಾಲಯದ ಮುಖ್ಯಸ್ಥ, ದೊಡ್ಡ ವರ್ತಕರು, ಗಂಡನ ದಾಯಾದಿಗಳು ಇರಲಿ. ಪ್ರತಿಯೊಬ್ಬನ ಹೆಸರಿನ ಮುಂದೆ ಅವನು ಒಪ್ಪಿದರೆ ಅವನಿಗೇನು ಸಿಗುತ್ತದೆ, ಒಪ್ಪದಿದ್ದರೆ ಏನು ಕಳೆದುಕೊಳ್ಳುತ್ತಾನೆ ಎಂದು ಬರೆಯಿರಿ. ಇಬ್ಬರಾದರೂ ಒಪ್ಪದೆ ಉಳಿಯಬೇಕು. ಎಲ್ಲರೂ ರಾಣಿಯ ಮಾತಿನ ಓಜಸ್ಸಿಗೆ ತಲೆಬಾಗಿದರೆಂದು ಬರೆದಿರೋ, ಅಲ್ಲಿಗೆ ಓದುಗ ಪುಸ್ತಕ ಮುಚ್ಚುತ್ತಾನೆ.

ಹಂತ 3: ಆದಾಯದ ಮೂಲವನ್ನು ಅವಳ ಕೈಗೆ ಕೊಡಿ

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. 1552ರಿಂದ ಸುಮಾರು ಅರ್ಧ ಶತಮಾನ ಅವಳು ನಿಂತದ್ದು ಘಟ್ಟದ ಮೇಲಿನ ಮೆಣಸು ಹೊನ್ನಾವರ, ಭಟ್ಕಳದ ಕಡಲತೀರಕ್ಕೆ ಇಳಿಯುವ ದಾರಿಗಳ ಮೇಲಿನ ಹಿಡಿತದಿಂದ. ಹಡಗು, ಫಿರಂಗಿ ಎರಡೂ ಇದ್ದ ವಿದೇಶಿಯರೂ ಮೆಣಸಿಗಾಗಿ ಅವಳೊಡನೆ ವ್ಯವಹಾರಕ್ಕೆ ಕೂರಲೇಬೇಕಾಯಿತು. ಆಕೆಯನ್ನು ಕೊನೆಗೆ ಸೋಲಿಸಿದ್ದು ಅದೇ ಮೆಣಸಿನ ದಾರಿಯ ಮೇಲೆ ಕಣ್ಣಿಟ್ಟಿದ್ದ ನೆರೆಯ ಕೆಳದಿಯ ಅರಸರು. ಕಡಲಿನಾಚೆಯ ಶತ್ರುವಿಗಿಂತ ಪಕ್ಕದ ಸೀಮೆಯವನು ಹೆಚ್ಚು ಅಪಾಯಕಾರಿ ಎಂಬುದನ್ನು ನಿಮ್ಮ ಕಥಾಹಂದರದಲ್ಲಿ ನೆನಪಿಡಿ.

ಮೆಣಸು, ಬಂದರುಗಳಂತೆ ನೀರೂ ಬೊಕ್ಕಸವೇ. ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಪ್ರತ್ಯಕ್ಷ ಚಿತ್ರ 1623ರದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ನೋಡಲು ಮನೇಲ್ ಎಂಬ ಊರಿಗೆ ಹೋದಾಗ, ಆಕೆ ಆಸ್ಥಾನದಲ್ಲಿರಲಿಲ್ಲ. ದಾರಿಯಲ್ಲೇ ಎದುರಾದಳು: ಬರಿಗಾಲು, ಸೊಂಟಕ್ಕೆ ಸುತ್ತಿದ ಸಾದಾ ಹತ್ತಿಬಟ್ಟೆ, ಭುಜದ ಮೇಲೊಂದು ವಸ್ತ್ರ, ಬಿಸಿಲಿಗೆ ತಾಳೆಗರಿಯ ಕೊಡೆ. ಹೊಲಗಳಿಗೆ ನೀರು ಹರಿಸಲು ತೋಡಿಸುತ್ತಿದ್ದ ಕಾಲುವೆಗಳ ಕೆಲಸ ನೋಡಲು ಆಕೆ ನಡೆದೇ ಬಂದಿದ್ದಳು. ವೇಷ ನೋಡಿದರೆ ಅಡುಗೆಮನೆಯ ಕೆಲಸದವಳಂತೆ ಕಂಡಳು, ಮಾತಾಡಿದಾಗ ಮಾತ್ರ ವಿವೇಕವುಳ್ಳ ವ್ಯಕ್ತಿಯೆಂದು ತಿಳಿಯಿತು ಎಂಬರ್ಥದಲ್ಲಿ ಅವನು ಬರೆದಿಟ್ಟಿದ್ದಾನೆ. ಅವನ ಕಣ್ಣಿಗೆ ಅರಸುತನವೆಂದರೆ ರೇಷ್ಮೆ ಮತ್ತು ಆಭರಣ. ಆದರೆ ಭತ್ತ ಬೆಳೆಯುವ ಸೀಮೆಯಲ್ಲಿ ಕಾಲುವೆಯ ಬದುವಿನ ಮೇಲೆ ನಿಂತು, ನೀರು ಯಾವ ಗದ್ದೆಗೆ ಮೊದಲು ಹೋಗಬೇಕೆಂದು ಹೇಳುವವಳೇ ಆ ಸೀಮೆಯ ಒಡತಿ. ಒಂದೂ ಕತ್ತಿಯಿಲ್ಲದ ಈ ದೃಶ್ಯ ಅಬ್ಬಕ್ಕನ ಮನೆತನದ ಬಗ್ಗೆ ಬಂದಿರುವ ಎಷ್ಟೋ ಯುದ್ಧವರ್ಣನೆಗಳಿಗಿಂತ ಹೆಚ್ಚನ್ನು ಹೇಳುತ್ತದೆ.

ಎಚ್ಚರಿಕೆ: ಪೋರ್ಚುಗೀಸರೊಡನೆ 1555ರಲ್ಲೂ 1568ರಲ್ಲೂ ನಡೆದ ಕದನಗಳ ರಾಣಿಯನ್ನೇ 1623ರ ಈ ರಾಣಿಯೆಂದು ಬರೆದುಬಿಡಬೇಡಿ. ಅಬ್ಬಕ್ಕ ಎಂಬ ಹೆಸರಿನಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರಿದ್ದರೆಂಬುದು ಇತಿಹಾಸಕಾರರ ಅಭಿಪ್ರಾಯ, ಮತ್ತು ದೆಲ್ಲಾ ವಾಲ್ಲೆ ಕಂಡವಳು ನಡುವಯಸ್ಸಿನವಳು.

ಹಂತ 4: ಕೊಡುವ ಕೈಯನ್ನು ತೋರಿಸಿ

ದತ್ತಿ ಎಂದರೆ ದೇವಾಲಯಕ್ಕೋ ಬಸದಿಗೋ ಮಠಕ್ಕೋ ಶಾಶ್ವತವಾಗಿ ಬಿಟ್ಟುಕೊಟ್ಟ ಭೂಮಿ ಅಥವಾ ವರಮಾನ. ಇದನ್ನು ಬರೀ ಭಕ್ತಿಯ ಕೆಲಸವೆಂದು ಬರೆಯುವುದು ರೂಢಿ. ಭಕ್ತಿ ನಿಜವೇ, ಅದನ್ನು ಕಡೆಗಣಿಸಬಾರದು. ಆದರೆ ದತ್ತಿಯ ಕಲ್ಲು ನೆಟ್ಟ ದಿನವೇ ಆ ಭೂಮಿಯ ಮೇಲೆ ಕೊಟ್ಟವಳಿಗೆ ಹಕ್ಕಿತ್ತೆಂಬುದು ಊರಿಗೆಲ್ಲ ಸಾರಿದಂತಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ, ಅಂದರೆ ಪಟ್ಟದ ರಾಣಿ, ಶಾಂತಲದೇವಿ 1123ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಬಸದಿ ಎಂದು ಹೆಸರು. ಸವತಿಯರ ಪಾಲಿಗೆ ಮದ್ದಾನೆ ಎಂಬ ತನ್ನ ಬಿರುದನ್ನೇ ಅವಳು ಬಸದಿಗೆ ಇಟ್ಟಳು. ಅಂತಃಪುರದ ಪೈಪೋಟಿಯ ಉತ್ತರವನ್ನು ಕಲ್ಲಿನಲ್ಲಿ ಕೊಡಿಸಿದ ಹೆಣ್ಣು ಅವಳು. ನಾಟ್ಯದಲ್ಲಿ ಪರಿಣತೆ ಎಂಬುದನ್ನಷ್ಟೇ ಹಿಡಿದುಕೊಂಡು ಶಾಂತಲೆಯನ್ನು ಚಿತ್ರಿಸುವವರು ಈ ಶಾಸನವನ್ನು ಮತ್ತೊಮ್ಮೆ ಓದಬೇಕು.

ಸಿಂಹಾಸನದ ಹತ್ತಿರವೂ ಇಲ್ಲದ ಅತ್ತಿಮಬ್ಬೆಯನ್ನೂ ನೆನೆಯಬೇಕು. ದಂಡನಾಯಕರ ಮನೆತನಕ್ಕೆ ಸೇರಿದ ಈ ವಿಧವೆ ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, ರನ್ನನಿಗೆ ಆಶ್ರಯ ಕೊಟ್ಟಳು. ಸೈನ್ಯವಿಲ್ಲದೆ ಅವಳ ಮಾತಿಗೆ ನಾಡಿನಲ್ಲಿ ತೂಕ ಬಂತು, ಮತ್ತು ಅವಳ ಹೆಸರನ್ನು ಕಾಪಾಡಲು ಕವಿ ಸಿಕ್ಕಿದ.

ಹಂತ 5: ಅವಳು ಯಾವ ಹೆಸರಿನಲ್ಲಿ, ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತಾಳೆ

ಈ ಹಂತದಲ್ಲಿ ಹೆಚ್ಚಿನವರು ಪುರುಷವೇಷಕ್ಕೆ ಧಾವಿಸುತ್ತಾರೆ. ರುದ್ರಮದೇವಿ ಶಾಸನಗಳಲ್ಲಿ ರುದ್ರದೇವ ಮಹಾರಾಜ ಎಂದು ಪುಲ್ಲಿಂಗದಲ್ಲಿ ಕಾಣಿಸಿಕೊಂಡದ್ದು ನಿಜ. ಈಜಿಪ್ಟಿನಲ್ಲಿ ಹತ್‌ಶೆಪ್ಸುತ್ ಮಲಮಗನಾದ ಮೂರನೆಯ ಥುಟ್ಮೋಸನ ಪರವಾಗಿ ಆಳಲು ತೊಡಗಿ, ಕೆಲವು ವರ್ಷಗಳಲ್ಲಿ ತಾನೇ ಫೇರೋ ಆಗಿ, ಮೂರ್ತಿಗಳಲ್ಲಿ ರಾಜರ ಕೃತಕ ಗಡ್ಡವನ್ನೂ ಧರಿಸಿದಳು. ಆದರೆ ದಾರಿ ಇದೊಂದೇ ಅಲ್ಲ. ಪ್ರಭಾವತಿಗುಪ್ತೆ ತನ್ನ ಶಾಸನದಲ್ಲಿ ಗಂಡನ ವಂಶಾವಳಿಗೆ ಬದಲು ತವರಿನ ಗುಪ್ತರ ವಂಶಾವಳಿಯನ್ನು ಹಾಕಿಸಿದಳು. ತಾನು ಎರಡನೆಯ ಚಂದ್ರಗುಪ್ತನ ಮಗಳೆಂಬುದು ಆಸ್ಥಾನದಲ್ಲಿ ಯಾರೂ ಮರೆಯದಂತೆ ನೋಡಿಕೊಂಡಳು. ಗಂಡನ ಕಾಲದ ಕಾಶ್ಮೀರಿ ನಾಣ್ಯಗಳಲ್ಲಿ ದಿದ್ದಾಳ ಹೆಸರಿನ ಮೊದಲ ಅಕ್ಷರವೂ ಅವನ ಹೆಸರಿನ ಜೊತೆ ಸೇರಿತ್ತು, ಅಂದರೆ ವಿಧವೆಯಾಗುವ ಮುನ್ನವೇ ಸಂತೆಯ ಕೈಕೈಗೆ ಅವಳ ಗುರುತು ತಲುಪಿತ್ತು.

ಯಾವುದನ್ನು ಆರಿಸಬೇಕೆಂಬುದು ನೋಡುವವರು ಯಾರು ಎಂಬುದರಿಂದ ನಿರ್ಧಾರವಾಗುತ್ತದೆ. ದಾಖಲೆಯ ಒಕ್ಕಣೆ ಒಂದು ತೆರ, ಸೈನ್ಯದ ಮುಂದಿನ ಉಡುಪು ಇನ್ನೊಂದು ತೆರ, ಒಳಮನೆಯ ಸಂಬೋಧನೆ ಮತ್ತೊಂದು ತೆರ ಇರಬಹುದು. ಹಳೆಯ ದಾಸಿ "ಅಮ್ಮಾ" ಎನ್ನುವ ಹೊತ್ತಿನಲ್ಲೇ ಸೇನಬೋವ, ಅಂದರೆ ಲೆಕ್ಕಪತ್ರ ಬರೆಯುವವನು, "ಮಹಾರಾಜ" ಎಂದು ಓದಿ ಹೇಳುವ ದೃಶ್ಯವೊಂದನ್ನು ಇಡಿ.

ಹಂತ 6: ಯುದ್ಧವನ್ನು ಕೊನೆಯಲ್ಲಿ ತನ್ನಿ

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಏಕೆಂದರೆ ನೀವು ಇದನ್ನು ಹೇಗೂ ಬರೆಯುತ್ತೀರಿ. ಕಲ್ಯಾಣ ಚಾಲುಕ್ಯ ಎರಡನೆಯ ಜಯಸಿಂಹನ ಸಹೋದರಿ ಅಕ್ಕಾದೇವಿ 1047ರಲ್ಲಿ ಗೋಕಾಗೆಯ, ಅಂದರೆ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು. ಯುದ್ಧದಲ್ಲಿ ಭೈರವಿಯಂಥವಳೆಂದು ಶಾಸನ ಹೊಗಳುತ್ತದೆ. ಆದರೆ ಅವಳ ಆಡಳಿತದ ನಿಜವಾದ ಕುರುಹು ಸೂಡಿಯ ಶಾಸನದಲ್ಲಿದೆ. ಚೋಳರೊಡನೆ ನಡೆದ ಯುದ್ಧದಿಂದ ಕುಂದಿಹೋಗಿದ್ದ ಆ ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಹಳೆಯ ಕಟ್ಟುಪಾಡುಗಳನ್ನು ಅವಳು ಹೊಸದಾಗಿ ಊರ್ಜಿತಗೊಳಿಸಿಕೊಟ್ಟಳು. ಮುತ್ತಿಗೆಗೆ ಒಂದು ಅಧ್ಯಾಯ ಕೊಟ್ಟರೆ, ಯುದ್ಧ ಮುಗಿದ ಮೇಲೆ ಪಾಳುಬಿದ್ದ ಪೇಟೆಯನ್ನು ಮತ್ತೆ ತೆರೆಯಿಸುವುದಕ್ಕೆ ಎರಡು ಕೊಡಿ.

ಹಂತ 7: ಉತ್ತರಾಧಿಕಾರವನ್ನು ಅವಳು ಬದುಕಿರುವಾಗಲೇ ಕಥೆಯೊಳಗೆ ತನ್ನಿ

ಅಧಿಕಾರ ಉಳಿಸಿಕೊಳ್ಳುವ ಕೆಲಸದಲ್ಲಿ ಅತ್ಯಂತ ಕಠಿಣವಾದದ್ದು ಇದು. ಶಾಂತಲದೇವಿಗೆ ಗಂಡುಮಕ್ಕಳಿರಲಿಲ್ಲ, 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡ ಮೇಲೆ ಪಟ್ಟ ಹೋದದ್ದು ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ ನರಸಿಂಹನಿಗೆ. ಗಂಡನ ಪ್ರೀತಿಯಿಂದ ಬಂದ ಬಲಕ್ಕೆ ಇರುವ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ರುದ್ರಮದೇವಿ ಮಗಳು ಮುಮ್ಮಡಮ್ಮನ ಮಗ ಪ್ರತಾಪರುದ್ರನನ್ನು ಮುಂದೆ ತಂದಳು. ಚೆನ್ನಮ್ಮ ಬಸವಪ್ಪನನ್ನು ದತ್ತು ಪಡೆದು, ಅವನನ್ನು ಪಕ್ಕದಲ್ಲೇ ಇಟ್ಟುಕೊಂಡು ಕಾಲು ಶತಮಾನ ಆಳಿದಳು. 1689ರಲ್ಲಿ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಮೊಗಲರನ್ನು ಎದುರುಹಾಕಿಕೊಳ್ಳುವಷ್ಟು ಅವಳ ನೆಲ ಆಗ ಗಟ್ಟಿಯಾಗಿತ್ತು. ಜಕ್ಕಿಯಬ್ಬೆಯೋ, ಕಾಯಿಲೆ ಬಿದ್ದಾಗ ಹುದ್ದೆಯನ್ನು ಮಗಳಿಗೆ ಒಪ್ಪಿಸಿ ಬಂದಣಿಕೆಯ ಬಸದಿಗೆ ಹೋಗಿ, ಆಹಾರ ತೊರೆದು ದೇಹ ಬಿಡುವ ಸಲ್ಲೇಖನ ವ್ರತವನ್ನು ಕೈಗೊಂಡಳು. ತಾಯಿಯಿಂದ ಮಗಳಿಗೆ ಹುದ್ದೆ ನೇರವಾಗಿ ಹೋದ ಈ ಪ್ರಸಂಗ ನಮ್ಮ ಇತಿಹಾಸದಲ್ಲಿ ಅಪರೂಪವಾದದ್ದು.

ದಿದ್ದಾ ಉತ್ತರಾಧಿಕಾರಿಯನ್ನು ಆರಿಸಿದ ರೀತಿಯನ್ನು ಕಾಶ್ಮೀರದ ಅರಸರ ಚರಿತ್ರೆ ಬರೆದ ಕವಿ ಕಲ್ಹಣ ಹೇಳುತ್ತಾನೆ. ತವರಿನ ಹುಡುಗರ ಮುಂದೆ ಹಣ್ಣುಗಳನ್ನು ಚೆಲ್ಲಿಸಿ, ಯಾರು ಹೆಚ್ಚು ಹಿಡಿಯುತ್ತಾರೆ ನೋಡೋಣ ಎಂದಳು. ಉಳಿದವರು ಕಿತ್ತಾಡಿ ಪೆಟ್ಟು ತಿಂದರು. ಸಂಗ್ರಾಮರಾಜ ಮಾತ್ರ ಅವರವರಲ್ಲೇ ಜಗಳ ಹಚ್ಚಿ, ಪೆಟ್ಟಿಲ್ಲದೆ ಹೆಚ್ಚು ಹಣ್ಣು ಕೂಡಿಹಾಕಿದ. ಅವನನ್ನೇ ಆರಿಸಿದಳು.

ಎಚ್ಚರಿಕೆ: ಈ ಪ್ರಸಂಗವನ್ನು ಬಳಸುವಾಗ ಕಲ್ಹಣ ಬರೆದದ್ದು ಅವಳು ಸತ್ತು ಸುಮಾರು 150 ವರ್ಷಗಳಾದ ಮೇಲೆ ಎಂಬುದನ್ನು ನೆನಪಿನಲ್ಲಿಡಿ. ಆಳಿದ ಹೆಣ್ಣಿನ ಬಗ್ಗೆ ಉಳಿದುಬಂದ ದಾಖಲೆಯಲ್ಲಿ ಕಾಮ, ವಿಷ, ಮಾಟದ ಆರೋಪಗಳು ಕಂಡರೆ, ಅದನ್ನು ಬರೆಸಿದವರು ಯಾರು, ಅವಳ ಪತನದಿಂದ ಲಾಭ ಪಡೆದವರು ಯಾರು ಎಂದು ಮೊದಲು ಕೇಳಿಕೊಳ್ಳಿ. ಅವಳನ್ನು ನಿಷ್ಕಳಂಕಳನ್ನಾಗಿ ಮಾಡಬೇಕೆಂದು ಇದರ ಅರ್ಥವಲ್ಲ. ದಿದ್ದಾ ಮೊಮ್ಮಕ್ಕಳನ್ನು ಬಲಿ ಕೊಟ್ಟಳೆಂಬ ಆರೋಪವನ್ನು ಕಥೆಯಲ್ಲಿ ಇಟ್ಟುಕೊಂಡೇ ಅವಳನ್ನು ಅರ್ಥಮಾಡಿಕೊಳ್ಳಲು ಪ್ರಯತ್ನಿಸಬಹುದು.

ಹಂತ 8: ಒಂದು ಆಜ್ಞೆಯನ್ನು ಕಳುಹಿಸಿ ನೋಡಿ

ಕರಡು ಮುಗಿದ ಮೇಲೆ ಈ ಪರೀಕ್ಷೆ ಮಾಡಿ. ನಿಮ್ಮ ರಾಣಿಯಿಂದ ಒಂದು ಸಣ್ಣ ಆಜ್ಞೆ ಹೊರಡಿಸಿ. ಗಡಿಯ ಹಳ್ಳಿಯೊಂದಕ್ಕೆ ಬರಗಾಲದ ವರ್ಷ ಕಂದಾಯ ಮಾಫಿ ಎಂದಿರಲಿ. ಅದನ್ನು ಯಾರು ಬರೆದರು, ಯಾವ ಮುದ್ರೆ ಬಿತ್ತು, ಯಾರು ಹೊತ್ತು ನಡೆದರು, ಹಳ್ಳಿಯ ಗೌಡ ಅದನ್ನು ಓದಿಸಿಕೊಂಡು ಏನೆಂದ, ವಸೂಲಿಗೆ ಬಂದವನು ಬರಿಗೈಯಲ್ಲಿ ಹಿಂದಿರುಗಿದನೇ ಅಥವಾ "ನಮ್ಮ ದಂಡನಾಯಕರ ಅಪ್ಪಣೆ ಬರಲಿ" ಎಂದು ಕೂತನೇ ಎಂಬುದನ್ನು ಎರಡು ಪುಟಗಳಲ್ಲಿ ಬರೆಯಿರಿ. ಎಲ್ಲಿ ನಿಮಗೆ ಉತ್ತರ ತೋಚದೆ ಲೇಖನಿ ನಿಲ್ಲುತ್ತದೋ, ಆ ಜಾಗಕ್ಕೆ ಸಂಬಂಧಿಸಿದ ಹಂತಕ್ಕೆ ಹಿಂದಿರುಗಿ. ಮುದ್ರೆಯ ಬಳಿ ನಿಂತರೆ ಐದನೆಯ ಹಂತ, ದಂಡನಾಯಕನ ಬಳಿ ನಿಂತರೆ ಎರಡನೆಯದು, ಮಾಫಿಯಿಂದಾದ ನಷ್ಟ ಎಲ್ಲಿಂದ ತುಂಬುತ್ತದೆ ಎಂಬಲ್ಲಿ ನಿಂತರೆ ಮೂರನೆಯದು. ಆ ಎರಡು ಪುಟಗಳನ್ನು ಕಾದಂಬರಿಯಲ್ಲಿ ಸೇರಿಸಬೇಕೆಂದಿಲ್ಲ. ಆದರೆ ಅವನ್ನು ಬರೆಯದೆ ಹಸ್ತಪ್ರತಿಯನ್ನು ಯಾರಿಗೂ ಓದಲು ಕೊಡಬೇಡಿ.